ಆ ಹೆಂಗಸು ಇದ್ದದ್ದನ್ನೆಲ್ಲಾ ಹೇಳಿದಳು

ಕುಡಿತ ಬಿಟ್ಟು ಮೊನ್ನೆ ಭಾನುವಾರಕ್ಕೆ ಒಂಬತ್ತು ವರ್ಷ ತುಂಬಿತು. ಆರಾಧನೆ ಮುಗಿದ ಮೇಲೆ ನಮ್ಮ ಸಭೆಯ, ಅಂದರೆ ಚರ್ಚಿನ, ಹುಡುಗನೊಬ್ಬ ಬಂದು ಕೈ ಹಿಡಿದುಕೊಂಡು, "ಅಂಕಲ್, ನಿಮ್ಮ ಸಾಕ್ಷಿ ಹೇಳಿ, ವಿಡಿಯೋ ಮಾಡ್ತೀವಿ. ಯೇಸು ಸ್ವಾಮಿ ನಿಮ್ಮನ್ನ ಒಂದೇ ರಾತ್ರೀಲಿ ಬಿಡಿಸಿದ್ರಂತಲ್ಲ?" ಅಂದ. ವಿಡಿಯೋ ಬೇಡಪ್ಪಾ ಅಂದೆ. ಮನೆಗೆ ಬಂದ ಮೇಲೂ ಆ ಮಾತು ಕೊರೆಯುತ್ತಲೇ ಇತ್ತು. ಯೇಸು ಬಿಡಿಸಿದ್ದು ನಿಜ. ಒಂದೇ ರಾತ್ರಿ ಅನ್ನೋದು ಸುಳ್ಳು. ಸಾಕ್ಷಿ ಅಂತ ಹೇಳಿ ಸುಳ್ಳು ಸೇರಿಸಬಾರದು, ಅಲ್ವಾ? ಅದಕ್ಕೇ ಕೂತು ಬರೆಯುತ್ತಿದ್ದೇನೆ. ಉದ್ದ ಆಗುತ್ತೆ, ಸ್ವಲ್ಪ ತಾಳ್ಮೆ ಇರಲಿ.

ನಮ್ಮದು ಮೈಸೂರಿನ ಸಿಎಸ್‌ಐ (ಚರ್ಚ್ ಆಫ್ ಸೌತ್ ಇಂಡಿಯಾ) ಕುಟುಂಬ. ತಾತ ಸಭೆಯಲ್ಲಿ ಹಾರ್ಮೋನಿಯಂ ನುಡಿಸುತ್ತಿದ್ದರು. ನಾನು ಭಾನುವಾರ ಶಾಲೆಯಲ್ಲಿ ಬೆಳೆದವನು, ಬೈಬಲಿನ ಕೀರ್ತನೆ 23 ಬಾಯಿಪಾಠ. ಸ್ಪೇರ್ ಪಾರ್ಟ್ಸ್ ಅಂಗಡಿ ಇಟ್ಟ ಮೇಲೆ ಕುಡಿಯೋದು ಶುರುವಾಯಿತು. ಮೊದಲು ವಾರಕ್ಕೊಮ್ಮೆ, ಆಮೇಲೆ ದಿನಾ. ಕೊನೆಗೆ ಬೆಳಿಗ್ಗೆ ಎದ್ದ ತಕ್ಷಣ ಒಂದು ತೊಂಬತ್ತು ಒಳಗೆ ಹೋಗದಿದ್ದರೆ ಷರಟಿನ ಗುಂಡಿ ಹಾಕಿಕೊಳ್ಳೋಕೆ ಆಗುತ್ತಿರಲಿಲ್ಲ, ಕೈ ಹಾಗೆ ನಡುಗುತ್ತಿತ್ತು. ಏಲಕ್ಕಿ ಜಗಿದುಕೊಂಡು ಆರಾಧನೆಗೆ ಹೋಗುತ್ತಿದ್ದೆ. ಹಿಂದಿನ ಬೆಂಚು, ಫ್ಯಾನಿನ ಕೆಳಗೆ. ಕಾಣಿಕೆ ತಟ್ಟೆ ಹಿಡಿಯುವ ಸರದಿ ಬಂದಾಗ ಮಾತ್ರ ಏನಾದರೊಂದು ನೆಪ ಹೇಳಿ ತಪ್ಪಿಸಿಕೊಳ್ಳುತ್ತಿದ್ದೆ.

ಲಾಕರಿನಲ್ಲಿಡು ಅಂತ ಅಕ್ಕ ಎರಡು ಚಿನ್ನದ ಬಳೆ ಕೊಟ್ಟಿದ್ದಳು. ಅದನ್ನು ಗಿರವಿ ಇಟ್ಟು ಕುಡಿದೆ. ಬಿಡಿಸಿಕೊಳ್ಳಲಿಲ್ಲ. ಅವು ಹೋದವು.

ಮನೆಯವರು ಕಾಣದ ದೇವರಿಲ್ಲ, ಮಾಡದ ಉಪವಾಸವಿಲ್ಲ. ಯಾರೋ ಹೇಳಿದರು ಅಂತ ಒಂದು ಪ್ರಾರ್ಥನಾ ಕೂಟಕ್ಕೆ ಕರೆದುಕೊಂಡು ಹೋದರು. ಎಲ್ಲಿ, ಯಾರದು ಅಂತ ಇಲ್ಲಿ ಬೇಡ. ತಲೆ ಮೇಲೆ ಕೈ ಇಟ್ಟು ಜೋರಾಗಿ ಪ್ರಾರ್ಥನೆ ಮಾಡಿದರು. ನಾನೂ ಅತ್ತೆ. "ಇವತ್ತಿಂದ ಬಿಡುಗಡೆ ಆಯ್ತು, ಇನ್ನು ಡಾಕ್ಟರೂ ಬೇಡ ಮಾತ್ರೆಯೂ ಬೇಡ, ಹೋದ್ರೆ ನಂಬಿಕೆ ಇಲ್ಲ ಅಂತ ಅರ್ಥ" ಅಂದರು. ನಾನು ನಂಬಿದೆ. ಅವತ್ತಿಂದಲೇ ಪೂರ್ತಿ ನಿಲ್ಲಿಸಿದೆ. ಎರಡು ದಿನ ನಿದ್ದೆ ಇಲ್ಲ, ಬೆವರು, ಗೋಡೆ ಮೇಲೆಲ್ಲಾ ಹುಳ ಹರಿದ ಹಾಗೆ. ಮೂರನೇ ದಿನ ಅಡುಗೆಮನೆ ಬಾಗಿಲಲ್ಲಿ ಫಿಟ್ಸ್ ಬಂದು ಬಿದ್ದೆ. ಹೆಂಡತಿ ಪಕ್ಕದ ಮನೆಯವರನ್ನು ಕೂಗಿ, ಆಟೋದಲ್ಲಿ ಹಾಕಿಕೊಂಡು ಆಸ್ಪತ್ರೆಗೆ ಓಡಿದಳು.

ಡಾಕ್ಟರು ಆಮೇಲೆ ಬಿಡಿಸಿ ಹೇಳಿದರು. ಮದ್ಯ ನರಗಳನ್ನು ಮಂಕು ಮಾಡುತ್ತೆ. ವರ್ಷಗಟ್ಟಲೆ ಕುಡಿದರೆ ಮಿದುಳು ಅದಕ್ಕೆ ಎದುರಾಗಿ ಜಾಸ್ತಿ ಜೋರಿನಲ್ಲಿ ಕೆಲಸ ಮಾಡೋದನ್ನು ರೂಢಿ ಮಾಡಿಕೊಳ್ಳುತ್ತೆ. ಒಮ್ಮೆಗೇ ನಿಲ್ಲಿಸಿದರೆ ಮದ್ಯ ಹೋಗಿರುತ್ತೆ, ಆ ಜೋರು ಉಳಿದಿರುತ್ತೆ. ಅದಕ್ಕೇ ನಡುಕ, ಫಿಟ್ಸ್, ಇಲ್ಲದ್ದು ಕಾಣೋದು. ಜೀವವೇ ಹೋಗಬಹುದು. ಹಾಗಾಗಿ ತುಂಬಾ ಕುಡಿಯುವವರು ಡಾಕ್ಟರ ಕಣ್ಣೆದುರಿಗೇ, ಮಾತ್ರೆ ಹಾಕಿಕೊಂಡು, ವಿಟಮಿನ್ ಬಿ1 ಇಂಜೆಕ್ಷನ್ ತಗೊಂಡು ಬಿಡಬೇಕು. ಇದನ್ನು ಯಾಕೆ ಇಷ್ಟು ವಿವರವಾಗಿ ಬರೆಯುತ್ತಿದ್ದೇನೆ ಅಂದರೆ, ಒಂಬತ್ತು ವರ್ಷ ಆದರೂ "ಪ್ರಾರ್ಥನೆ ಮಾಡಿಸಿ ಒಂದೇ ಸಲ ಬಿಡಿಸಿಬಿಡೋಣ" ಅನ್ನುವವರು ಸಿಗುತ್ತಲೇ ಇದ್ದಾರೆ.

ಆಸ್ಪತ್ರೆಯಲ್ಲಿ ಮಲಗಿದ್ದಾಗ ನನ್ನ ತಲೆಯಲ್ಲಿ ಇದ್ದದ್ದು ಒಂದೇ. ನನ್ನ ನಂಬಿಕೆ ಸಾಲಲಿಲ್ಲ, ದೇವರು ಕೈ ಬಿಟ್ಟರು. ಐದನೇ ದಿನವೋ ಆರನೇ ದಿನವೋ ನಮ್ಮ ಸಭೆಯ ಪಾದ್ರಿ ಅಯ್ಯನವರು ಬಂದರು. ಬುದ್ಧಿ ಹೇಳುತ್ತಾರೆ ಅಂದುಕೊಂಡು ಗೋಡೆ ಕಡೆ ತಿರುಗಿದೆ. ಅವರು ಸ್ಟೂಲ್ ಎಳೆದುಕೊಂಡು ಕೂತು ಬೈಬಲಿನ ಮಾರ್ಕನ ಸುವಾರ್ತೆ 5ನೇ ಅಧ್ಯಾಯ ತೆಗೆದರು. ಹನ್ನೆರಡು ವರ್ಷದಿಂದ ರಕ್ತಸ್ರಾವ ಆಗುತ್ತಿದ್ದ ಹೆಂಗಸಿನ ಕಥೆ. ಎಷ್ಟು ಸಲ ಕೇಳಿಲ್ಲ ನಾವು ಅದನ್ನು! ಜನಜಂಗುಳಿಯಲ್ಲಿ ಹಿಂದಿನಿಂದ ಬಂದು ಯೇಸುವಿನ ಬಟ್ಟೆ ಮುಟ್ಟುತ್ತಾಳೆ, ಆ ಕ್ಷಣವೇ ರಕ್ತ ನಿಲ್ಲುತ್ತೆ.

"ಅಲ್ಲಿಗೆ ವಾಸಿ ಆಯ್ತಲ್ಲ?" ಅಂದರು ಅಯ್ಯನವರು. "ಆ ಕಡೆ ಯಾಯಿರ ಅನ್ನೋನ ಮಗಳು ಸಾಯ್ತಾ ಇದಾಳೆ, ಅವಳನ್ನ ನೋಡೋಕೇ ಹೊರಟಿದ್ದು. ಅವಸರ. ಆದ್ರೂ ಯೇಸು ಸ್ವಾಮಿ ನಿಂತ್ಬಿಟ್ರು. ಯಾರು ಮುಟ್ಟಿದ್ದು ಅಂತ ಕೇಳಿದ್ರು. ಯಾಕಪ್ಪಾ?"

ನನಗೆ ಗೊತ್ತಿರಲಿಲ್ಲ. ಅವರು ಮುಂದಿನ ವಚನ ಓದಿದರು. ಅವಳು ಹೆದರಿ ನಡುಗುತ್ತಾ ಬಂದು, ಯೇಸುವಿನ ಮುಂದೆ ಬಿದ್ದು, ಇದ್ದ ಸತ್ಯವನ್ನೆಲ್ಲಾ ಹೇಳಿದಳು ಅಂತ ಇದೆ ಅಲ್ಲಿ. ಆ ಕಾಲದ ನಿಯಮದ ಪ್ರಕಾರ ಅವಳು ಅಶುದ್ಧಳು. ಯಾರನ್ನೂ ಮುಟ್ಟುವ ಹಾಗಿಲ್ಲ. ಹನ್ನೆರಡು ವರ್ಷ ಮುಚ್ಚಿಟ್ಟುಕೊಂಡು ಬದುಕಿದವಳು ಊರವರ ಮುಂದೆ ಬಾಯಿ ಬಿಟ್ಟಳು. ಆಗ ಯೇಸು ಅವಳನ್ನು "ಮಗಳೇ" ಅಂತ ಕರೆದರು. ನಾಲ್ಕು ಸುವಾರ್ತೆ ಹುಡುಕಿದರೂ ಅವರು ಬೇರೆ ಯಾವ ಹೆಂಗಸನ್ನೂ ಹಾಗೆ ಕರೆದದ್ದು ಸಿಗಲ್ಲ. "ನಿನ್ನ ನಂಬಿಕೆ ನಿನ್ನನ್ನು ಸ್ವಸ್ಥ ಮಾಡಿತು, ಸಮಾಧಾನದಿಂದ ಹೋಗು" ಅಂದದ್ದೂ ಆಮೇಲೆಯೇ. ಗ್ರೀಕ್ ಮೂಲದಲ್ಲಿ ಆ ಮಾತಿಗೆ ವಾಸಿಮಾಡು, ರಕ್ಷಿಸು, ಎರಡೂ ಅರ್ಥ ಇದೆ ಅಂತ ಅಯ್ಯನವರು ಹೇಳಿದರು. ರಕ್ತ ನಿಂತದ್ದು ಮೊದಲು. ವಾಸಿ ಆದದ್ದು ಹೇಳಿಕೊಂಡ ಮೇಲೆ.

ಅವರು ಹೋದ ಮೇಲೆ ಬಹಳ ಹೊತ್ತು ಸೂರು ನೋಡುತ್ತಾ ಮಲಗಿದ್ದೆ. ನನಗೂ ಆಸ್ಪತ್ರೆಯಲ್ಲಿ ನಡುಕ ನಿಂತಿತ್ತು. ಆದರೆ ನಾನು ಯಾರ ಹತ್ತಿರವೂ ಏನೂ ಹೇಳಿರಲಿಲ್ಲ.

ಡಿಸ್ಚಾರ್ಜ್ ಮಾಡುವಾಗ ಮನೋವೈದ್ಯರು ಮಾತ್ರೆ ಚೀಟಿಯ ಜೊತೆ ಆಲ್ಕೊಹಾಲಿಕ್ಸ್ ಅನಾನಿಮಸ್ ಅನ್ನುವ, ಕುಡಿತ ಬಿಡುವವರು ಒಬ್ಬರಿಗೊಬ್ಬರು ನೆರವಾಗುವ ಕೂಟದ ವಿಳಾಸ ಬರೆದುಕೊಟ್ಟರು. ಸಭೆ ಇರುವಾಗ ಇದ್ಯಾಕೆ ಅನ್ನಿಸಿತು. ಅದು ಹುಟ್ಟಿದ ಕಥೆ ಆಮೇಲೆ ಓದಿ ತಿಳಿದುಕೊಂಡೆ. 1935ರಲ್ಲಿ ಬಿಲ್ ವಿಲ್ಸನ್ ಅನ್ನುವ ನ್ಯೂಯಾರ್ಕಿನ ಷೇರು ವ್ಯವಹಾರದವನು ಕೆಲಸದ ಮೇಲೆ ಅಮೆರಿಕದ ಅಕ್ರನ್ ಊರಿಗೆ ಹೋಗಿದ್ದ. ಕುಡಿತ ಬಿಟ್ಟು ಇನ್ನೂ ಕೆಲವೇ ತಿಂಗಳು. ವ್ಯವಹಾರ ಕೈಕೊಟ್ಟಿತು. ಹೋಟೆಲಿನ ಲಾಬಿಯಲ್ಲಿ ಒಂಟಿಯಾಗಿ ನಿಂತಿದ್ದಾನೆ, ಬಾರಿನ ಕಡೆಯಿಂದ ಗಲಗಲ ಕೇಳುತ್ತಿದೆ. ಅವನು ಬಾರಿಗೆ ಹೋಗಲಿಲ್ಲ. ಅಲ್ಲಿದ್ದ ಚರ್ಚುಗಳ ಪಟ್ಟಿ ನೋಡಿ ಒಬ್ಬ ಪಾದ್ರಿಗೆ ಫೋನ್ ಮಾಡಿದ. ನನ್ನ ಹಾಗೇ ಒದ್ದಾಡುತ್ತಿರುವ ಇನ್ನೊಬ್ಬ ಕುಡುಕನ ಜೊತೆ ಮಾತಾಡಬೇಕು ಅಂತ ಕೇಳಿಕೊಂಡ. ಹಾಗೆ ಸಿಕ್ಕವರು ಡಾಕ್ಟರ್ ಬಾಬ್, ಒಬ್ಬ ಸರ್ಜನ್. ಇಬ್ಬರೂ ಗಂಟೆಗಟ್ಟಲೆ ಮಾತಾಡಿದರು. ಆ ವರ್ಷ ಜೂನ್ 10ಕ್ಕೆ ಬಾಬ್ ಕೊನೆಯ ಸಲ ಕುಡಿದದ್ದು. ಆ ದಿನವನ್ನೇ ಕೂಟದ ಹುಟ್ಟುಹಬ್ಬ ಅಂತ ಇವತ್ತಿಗೂ ನೆನೆಯುತ್ತಾರೆ.

ಅವರಿಬ್ಬರಿಗೂ ದಾರಿ ತೋರಿದ್ದು ಆಕ್ಸ್‌ಫರ್ಡ್ ಗ್ರೂಪ್ ಅನ್ನುವ ಕ್ರೈಸ್ತ ಚಳವಳಿ. ತಪ್ಪು ಒಪ್ಪಿಕೋ, ನೋಯಿಸಿದವರಿಗೆ ಸರಿಮಾಡಿಕೊಡು, ದಿನಾ ದೇವರ ಮುಂದೆ ಸುಮ್ಮನೆ ಕೂತುಕೋ. ಇದಿಷ್ಟೇ ಅವರ ಪಾಠ. ಆ ಮೊದಲ ಗುಂಪಿನವರು ಬೈಬಲಿನಲ್ಲಿರುವ ಯಾಕೋಬನ ಪತ್ರಿಕೆಯನ್ನು (ಅವನು ಬರೆದ ಪತ್ರ) ಮತ್ತೆ ಮತ್ತೆ ಓದುತ್ತಿದ್ದರಂತೆ. ಪಾಪಗಳನ್ನು ಒಬ್ಬರಿಗೊಬ್ಬರು ಅರಿಕೆ ಮಾಡಿ, ವಾಸಿಯಾಗುವ ಹಾಗೆ ಒಬ್ಬರಿಗಾಗಿ ಒಬ್ಬರು ಪ್ರಾರ್ಥಿಸಿ ಅನ್ನುವ ವಚನ ಇರೋದು ಅಲ್ಲೇ, 5ನೇ ಅಧ್ಯಾಯದಲ್ಲಿ. ಈಗ ಆ ಕೂಟಗಳು ಯಾವ ಧರ್ಮದ್ದೂ ಅಲ್ಲ. ಪ್ರತಿಯೊಬ್ಬರೂ ದೇವರನ್ನು ತಾವು ತಿಳಿದುಕೊಂಡ ಹಾಗೆ ನೆನೆಯಬಹುದು. ಅಲ್ಲಿ ಯಾರು ಬರುತ್ತಾರೆ, ಏನು ಹೇಳುತ್ತಾರೆ ಅನ್ನೋದನ್ನು ನಾನು ಬರೆಯುವ ಹಾಗಿಲ್ಲ, ಬರೆಯೋದೂ ಇಲ್ಲ.

ಆ ಕೂಟದವರು ಕುಡಿತ ಬಿಡಲು ಹಿಡಿಯುವ ಹನ್ನೆರಡು ಹೆಜ್ಜೆಗಳಲ್ಲಿ ನಾಲ್ಕನೆಯದು, ನಿನ್ನ ಬದುಕಿನ ಲೆಕ್ಕವನ್ನು ಹೆದರದೆ ನೀನೇ ಬರೆ ಅನ್ನೋದು. ಮಗಳು ಅರ್ಧ ಬಳಸಿ ಬಿಟ್ಟಿದ್ದ ಗಣಿತದ ನೋಟ್‌ಬುಕ್ ತಗೊಂಡೆ. ಹಿಂದಿನಿಂದ ಶುರು ಮಾಡಿದೆ. ಮೊದಲ ಸಾಲು "ಅಕ್ಕನ ಬಳೆ". ಎರಡು ಪದ ಬರೆದು ಪೆನ್ನು ಇಟ್ಟುಬಿಟ್ಟೆ. ಆ ಪುಟ ತುಂಬೋಕೆ ಒಂದು ವಾರ ಹಿಡಿಯಿತು. ಒಟ್ಟು ಇಪ್ಪತ್ತಾರು ಪುಟ ಆಯಿತು. ಐದನೇ ಹೆಜ್ಜೆ, ಅದನ್ನು ದೇವರಿಗೆ ಮತ್ತು ಇನ್ನೊಬ್ಬ ಮನುಷ್ಯನಿಗೆ ಹೇಳೋದು. ದೇವರಿಗೆ ಹೇಳೋದು ಸುಲಭ, ಬಾಲ್ಯದಿಂದ ಹೇಳಿ ರೂಢಿ ಇತ್ತು. ಮನುಷ್ಯನಿಗೆ ಹೇಳುವಾಗ ಗಂಟಲು ಕಟ್ಟುತ್ತೆ. ಒಂದು ಮಧ್ಯಾಹ್ನ ದೇವಾಲಯದ ವೆಸ್ಟ್ರಿಯಲ್ಲಿ, ಅಂದರೆ ಪಾದ್ರಿಗಳ ಕೋಣೆಯಲ್ಲಿ, ಅಯ್ಯನವರ ಮುಂದೆ ಕೂತು ಅಷ್ಟೂ ಓದಿದೆ. ಅವರು ನಡುವೆ ಬಾಯಿ ಹಾಕಲಿಲ್ಲ. ಒಂದು ಸಲ ಎದ್ದು ಹೋಗಿ ಹೂಜಿಯಿಂದ ನೀರು ತಂದುಕೊಟ್ಟರು, ಅಷ್ಟೇ. ಮುಗಿದಾಗ ಹೊರಗೆ ಭಾನುವಾರ ಶಾಲೆಯ ಮಕ್ಕಳು ಕ್ರಿಸ್‌ಮಸ್ ಹಾಡು ಅಭ್ಯಾಸ ಮಾಡುತ್ತಿದ್ದರು. ಅವತ್ತು ರಾತ್ರಿ ಮಾತ್ರೆ ಇದ್ದೂ ಬಾರದ ನಿದ್ದೆ ಬಂತು.

ಅಕ್ಕನ ಮನೆ ಮಂಡ್ಯದಲ್ಲಿ. ಕ್ಷಮಿಸು ಅಂದರೆ ಸಾಲದು, ಬಳೆ ಲೆಕ್ಕ ಚುಕ್ತಾ ಮಾಡಬೇಕು. ಅವತ್ತಿನ ಚಿನ್ನದ ದರ ಹಿಡಿದು ಹಾಳೆಯಲ್ಲಿ ಲೆಕ್ಕ ಬರೆದುಕೊಂಡು, ಮೊದಲ ಕಂತು ಲಕೋಟೆಯಲ್ಲಿ ಹಾಕಿಕೊಂಡು ಹೋದೆ. ಬಾಗಿಲಲ್ಲೇ ಲಕೋಟೆ ಇಸ್ಕೊಂಡು, "ಸರಿ, ಹೋಗು" ಅಂದಳು. ಎರಡನೇ ತಿಂಗಳೂ ಹಾಗೇ. ನಾಲ್ಕನೇ ಸಲ ಹೋದಾಗ ಒಳಗೆ ಕೂರಿಸಿದಳು. ಲಕೋಟೆ ಬಿಚ್ಚಲಿಲ್ಲ. "ಬಳೆ ಹೋಗಿದ್ದಕ್ಕಲ್ಲ ಕಣೋ ನಂಗೆ ಹೊಟ್ಟೆ ಉರಿದಿದ್ದು. ಲಾಕರ್‌ನಲ್ಲಿದೆ ಅಂತ ಐದು ವರ್ಷ ನನ್ನ ಮುಖ ನೋಡ್ಕೊಂಡೇ ಹೇಳ್ತಿದ್ಯಲ್ಲ, ಅದಕ್ಕೆ" ಅಂದಳು. ನಾನು ಏನೂ ಹೇಳಲಿಲ್ಲ. ಹೇಳೋಕೆ ಏನಿತ್ತು? ಕಂತು ತೀರಲು ಮೂರು ವರ್ಷ ಬೇಕಾಯಿತು. ಈಗ ಮಾತಾಡುತ್ತಾಳೆ. ಮೊದಲಿನ ಹಾಗೆ ಪೂರ್ತಿ ಅಲ್ಲ. ಅವಳ ನೋವಿಗೆ ಅವಳದೇ ಸಮಯ ಬೇಕು. ದೇವರು ನನ್ನನ್ನು ಕ್ಷಮಿಸಿದ್ದಾರೆ ಅನ್ನೋದನ್ನು ಹಿಡಿದುಕೊಂಡು ಅವಳ ಮೇಲೆ ಒತ್ತಾಯ ಹಾಕೋಕೆ ನನಗೆ ಹಕ್ಕಿಲ್ಲ.

ಆಸೆ ಸತ್ತಿಲ್ಲ. ಮಳೆ ಬಂದ ಸಂಜೆ ಅಂಗಡಿ ಬಾಗಿಲು ಎಳೆಯುವಾಗ ಇವತ್ತಿಗೂ ಬಾಯಿ ಒಣಗುತ್ತೆ. ಬೈಬಲಿನ ಅಪೊಸ್ತಲ ಪೌಲನ ಶರೀರದಲ್ಲಿ ಒಂದು ಮುಳ್ಳಿತ್ತಲ್ಲ, ತೆಗೆದುಬಿಡಿ ಅಂತ ದೇವರನ್ನು ಮೂರು ಸಲ ಬೇಡಿಕೊಂಡ. ತೆಗೆಯಲಿಲ್ಲ. "ನನ್ನ ಕೃಪೆಯೇ ನಿನಗೆ ಸಾಕು" ಅನ್ನುವ ಉತ್ತರ ಬಂತು. ಚಿಕ್ಕವನಿದ್ದಾಗ ಅದು ಸಮಾಧಾನ ಮಾಡಿ ಕಳಿಸುವ ಮಾತು ಅನ್ನಿಸುತ್ತಿತ್ತು. ಈಗ ದಿನಾ ಬೆಳಿಗ್ಗೆ ಅದನ್ನು ಹಿಡಿದುಕೊಂಡೇ ಹಾಸಿಗೆ ಬಿಟ್ಟು ಏಳುತ್ತೇನೆ.

ಈಗ ನಮ್ಮ ಸಭೆಗಳ ವಿಷಯಕ್ಕೆ ಬರುತ್ತೇನೆ. ನನ್ನ ಜನ, ನನ್ನ ಮನೆ, ಅದಕ್ಕೇ ಹೇಳುತ್ತಿದ್ದೇನೆ. ಪ್ರಾರ್ಥನೆಗೆ ಕೊಡುವ ಚೀಟಿಗಳನ್ನು ನೋಡಿ. ಮಂಡಿನೋವು, ಮಗನ ವೀಸಾ, ಮಗಳ ಮದುವೆ. "ನನ್ನ ಗಂಡ ಕುಡಿಯುತ್ತಾರೆ" ಅಂತ ಒಬ್ಬರೂ ಬರೆಯಲ್ಲ. "ನನಗೆ ಬದುಕೋದೇ ಬೇಡ ಅನ್ನಿಸುತ್ತಿದೆ" ಅಂತ ಬರೆಯಲ್ಲ. ಬರೆದರೆ ಮುಂದಿನ ಭಾನುವಾರ ಮುಖ ಎತ್ತಿಕೊಂಡು ಬರೋಕಾಗಲ್ಲ ಅಂತ ಭಯ. ಆ ಹೆಂಗಸು ಊರೆಲ್ಲಾ ನೋಡುತ್ತಿದ್ದಾಗ ಬಾಯಿ ಬಿಟ್ಟಳಲ್ಲ, ಅವಳಿಗೆ ಎದುರಿಗೆ ನಿಂತಿದ್ದ ಯೇಸುವಿನ ಮೇಲೆ ಭರವಸೆ ಇತ್ತು. ನಮ್ಮ ಎದುರಿಗೆ ಹಾಗೆ ನಿಂತು ಹೇಳಿಕೊಳ್ಳುವ ಧೈರ್ಯ ಯಾರಿಗಾದರೂ ಬರುತ್ತಾ? ನಮ್ಮ ದೇವಾಲಯದಲ್ಲಿ ವಾರದ ಆರು ದಿನ ಬೀಗ ಹಾಕಿರುವ ಭಾನುವಾರ ಶಾಲೆಯ ಕೋಣೆ ಇದೆ. ಅದನ್ನು ಒಂದು ಸಂಜೆ ಕುಡಿತ ಬಿಡುವವರಿಗೆ, ಇನ್ನೊಂದು ಸಂಜೆ ಅವರ ಮನೆಯವರಿಗೆ ಕೊಡಿ ಅಂತ ಕಮಿಟಿಗೆ ಅರ್ಜಿ ಬರೆದಿದ್ದೇನೆ. ನಿಮ್ಮ ಸಭೆಯಲ್ಲೂ ಕೇಳಿ.

ಮಾತ್ರೆ ತಗೊಂಡರೆ ನಂಬಿಕೆ ಕಡಿಮೆ ಅನ್ನುವವರಿಗೆ ನಮ್ಮ ನಾಡಿನ ಸಾಕ್ಷಿಯೇ ಇದೆ. 1880ರಲ್ಲಿ ಮಂಗಳೂರಿನ ಕಂಕನಾಡಿಯಲ್ಲಿ ಫಾದರ್ ಮುಲ್ಲರ್ ಬಡವರಿಗೆ ಔಷಧಿ ಕೊಡಲು ಶುರು ಮಾಡಿದರು. 1906ರಲ್ಲಿ ನಮ್ಮ ಮೈಸೂರಿನ ಮಿಷನ್ ಆಸ್ಪತ್ರೆ. 1923ರಲ್ಲಿ ಉಡುಪಿಯಲ್ಲಿ ಡಾಕ್ಟರ್ ಇವಾ ಲೊಂಬಾರ್ಡ್ ಆಸ್ಪತ್ರೆ ತೆರೆದರು. ಇವರಿಗೆಲ್ಲ ನಂಬಿಕೆ ಕಡಿಮೆ ಇತ್ತಾ? ಪ್ರಾರ್ಥನೆಯೂ ಮಾಡಿದರು, ಔಷಧಿಯನ್ನೂ ಕೊಟ್ಟರು. ಸುವಾರ್ತೆ ಬರೆದ ಲೂಕನನ್ನೇ ಪೌಲ "ಪ್ರಿಯ ವೈದ್ಯ" ಅಂತ ಕರೆದಿದ್ದಾನೆ.

ಬೇರೆ ಧರ್ಮದ ಸ್ನೇಹಿತರೂ ಇದನ್ನು ಓದುತ್ತೀರಿ ಅಂತ ಗೊತ್ತು. ನಿಮ್ಮನ್ನು ನನ್ನ ದಾರಿಗೆ ಎಳೆಯೋಕೆ ಬರೆದದ್ದಲ್ಲ. ನನಗೆ ಬೆಳಕು ಬಂದ ಕಿಟಕಿ ಇದು, ಅದನ್ನು ಮುಚ್ಚಿಟ್ಟು ಬರೆದರೆ ಮತ್ತೆ ಸುಳ್ಳಾಗುತ್ತೆ.

ಮನೆಯಲ್ಲಿ ಯಾರಾದರೂ ದಿನಾ ಬೆಳಿಗ್ಗೆಯಿಂದಲೇ ಕುಡಿಯುವವರಿದ್ದರೆ ದಯವಿಟ್ಟು ಒಮ್ಮೆಗೇ ನಿಲ್ಲಿಸಬೇಡಿ, ಮೊದಲು ಆಸ್ಪತ್ರೆಗೆ ಕರೆದುಕೊಂಡು ಹೋಗಿ. ಮನಸ್ಸು ತೀರಾ ಕುಸಿದಿದ್ದರೆ 14416ಕ್ಕೆ ಫೋನ್ ಮಾಡಿ. ಸರ್ಕಾರದ ಟೆಲಿ ಮಾನಸ್ ಸೇವೆ ಅದು, ಕನ್ನಡದಲ್ಲೇ ಮಾತಾಡುತ್ತಾರೆ, ದುಡ್ಡಿಲ್ಲ. ಸುಮ್ನೆ ಯಾರ ಹತ್ತಿರವಾದರೂ ಹೇಳಿಕೊಳ್ಳಬೇಕು ಅನ್ನಿಸಿದರೆ ನನಗೆ ಇನ್‌ಬಾಕ್ಸ್ ಮಾಡಿ, ನಂಬರ್ ಕೊಡುತ್ತೇನೆ. ರಾತ್ರಿ ಎಷ್ಟು ಹೊತ್ತಾದರೂ ಎತ್ತುತ್ತೇನೆ. ಗುರುವಾರ ಸಂಜೆ ಆರೂವರೆಯಿಂದ ಎಂಟರ ತನಕ ಮಾತ್ರ ಫೋನ್ ಆಫ್ ಇರುತ್ತೆ, ಮೀಟಿಂಗ್‌ನಲ್ಲಿರುತ್ತೇನೆ.