ತಿಂದದ್ದಾಯ್ತು, ಊಟ ಆಗಲಿಲ್ಲ

ಕಳೆದ ಆಷಾಢದಲ್ಲಿ ಡಾಕ್ಟರು ನನ್ನ ರಿಪೋರ್ಟ್ ನೋಡಿ, "ಶುಗರ್ ಬಾರ್ಡರ್‌ನಲ್ಲಿದೆ ಮೇಷ್ಟ್ರೇ" ಅಂದರು. ಎಚ್‌ಬಿಎ1ಸಿ, ಅಂದರೆ ರಕ್ತದ ಸಕ್ಕರೆಯ ಎರಡು ಮೂರು ತಿಂಗಳ ಸರಾಸರಿ ಹೇಳುವ ಲೆಕ್ಕ, 6.1. 5.7ರಿಂದ 6.4ರ ಒಳಗಿರುವವರೆಲ್ಲ ಬಾರ್ಡರ್‌ನವರಂತೆ. ಪಕ್ಕದಲ್ಲೇ ಕೇರಳ ಇಟ್ಟುಕೊಂಡವರಿಗೆ ಬಾರ್ಡರ್ ಏನು ಹೊಸದು ಅಂತ ನಾನು ನಗೆಯಾಡಿದೆ. ಮನೆಯವಳು ನಗಲಿಲ್ಲ. ಅವತ್ತಿನಿಂದ ನನ್ನ ತಟ್ಟೆಗೆ ಚೆಕ್‌ಪೋಸ್ಟ್ ಬಿತ್ತು.

ಸೋಮವಾರಪೇಟೆ ಕಡೆಯ ಮಳೆಗಾಲ ಕಂಡವರಿಗೆ ಇದು ಎಂಥ ಶಿಕ್ಷೆ ಅಂತ ಬಿಡಿಸಿ ಹೇಳಬೇಕಿಲ್ಲ. ಹೊರಗೆ ಮೂರು ದಿನದಿಂದ ಬಿಡದೆ ಸುರಿಯುವ ಮಳೆ, ಒಳಗೆ ಕಡುಬಿನ ಹಬೆ, ಪಕ್ಕದ ಪಾತ್ರೆಯಲ್ಲಿ ಕಣಿಲೆ (ಎಳೆ ಬಿದಿರು) ಸಾರು ಕುದಿಯುತ್ತಿರುವಾಗ "ನಿಮಗೆ ಎರಡೇ" ಅನ್ನುವ ಮಾತು ಬಂದರೆ ಮನುಷ್ಯ ಏನು ಮಾಡಬೇಕು ಹೇಳಿ. ತಪ್ಪು ಕಡುಬಿನದೇ, ಒಪ್ಪುತ್ತೇನೆ. ಅದು ಉಂಡೆ ಕಟ್ಟಿದ ಅಕ್ಕಿಯೇ. ಆರು ತಿಂದು ಬೆಳೆದವನು ಬಾರ್ಡರ್‌ಗೆ ಬರದೆ ಇನ್ನೆಲ್ಲಿಗೆ ಹೋಗುತ್ತಾನೆ?

ಅಷ್ಟರಲ್ಲಿ ಬೆಂಗಳೂರಿನಿಂದ ತಂಗಿಯ ಮಗಳು ಬಂದಳು. "ಮಾವ, ಮಡಿಕೇರಿ ರೋಡಲ್ಲಿ ಹೊಸದಾಗಿ ಒಂದು ಹೆಲ್ತಿ ಕೆಫೆ ಆಗಿದೆ. ನಿಮಗೆ ಅದೇ ಸರಿ, ಬನ್ನಿ" ಅಂದಳು. ಹೊರಟೆವು. ಮಾದಾಪುರ ದಾಟುವವರೆಗೂ ವೈಪರ್‌ಗೆ ಬಿಡುವಿಲ್ಲ.

ಗಾಜಿನ ಗೋಡೆ, ಮರದ ಬೆಂಚು, ಮೇಲಿಂದ ಇಳಿಬಿಟ್ಟ ಗಿಡಗಳು. ಕರಿ ಹಲಗೆ ಮೇಲೆ ಸೀಮೆಸುಣ್ಣದಲ್ಲಿ "ಹಾನೆಸ್ಟ್ ಫುಡ್" ಅಂತ ಬರೆದಿತ್ತು. ಪ್ರಾಮಾಣಿಕ ಊಟ! ಹಾಗಾದರೆ ನಾನು ಅರವತ್ತು ವರ್ಷ ತಿಂದದ್ದೆಲ್ಲ ಏನು, ಕಳ್ಳ ಊಟವಾ?

ಇದು ಅಮೆರಿಕದಿಂದ ಬಂದ ಪದ್ಧತಿ. ಹೆಸರು ಫಾಸ್ಟ್ ಕ್ಯಾಶುಯಲ್. ಬರ್ಗರ್ ಅಂಗಡಿಗಿಂತ ಒಂದು ಮೆಟ್ಟಿಲು ಮೇಲೆ, ಟೇಬಲ್ಲಿಗೆ ಬಿಳಿ ಬಟ್ಟೆ ಹಾಸುವ ಹೋಟೆಲಿಗಿಂತ ಒಂದು ಮೆಟ್ಟಿಲು ಕೆಳಗೆ. 1993ರಲ್ಲಿ ಡೆನ್ವರ್‌ನಲ್ಲಿ ಶುರುವಾದ ಚಿಪೋಟ್ಲೆ ಅನ್ನುವ ಅಂಗಡಿ ಇದನ್ನು ಊರೂರಿಗೆ ಹಬ್ಬಿಸಿತು ಅಂತ ದಾರಿಯಲ್ಲಿ ಪಾಠವಾಯಿತು. ನಾವು ಸಾಲಲ್ಲಿ ನಿಂತು ಇದು ಹಾಕಿ, ಅದು ಬೇಡ ಅನ್ನಬೇಕು, ಅವರು ಬಟ್ಟಲು ತುಂಬುತ್ತಾ ಹೋಗುತ್ತಾರೆ. ಇದರಲ್ಲೇನು ವಿಶೇಷ, ನಮ್ಮಲ್ಲಿ ದರ್ಶಿನಿ ಇಲ್ವಾ ಅಂದೆ. ಬೇಗ ಬರುತ್ತೆ, ಬಿಸಿ ಇರುತ್ತೆ, ನಿಂತು ತಿಂದು ಹೊರಡಬಹುದು. ಅಲ್ಲಿ ಕೇಳುವುದೂ ಒಂದೇ ಪ್ರಶ್ನೆ: "ಡಿಪ್ಪಾ, ಸಪರೇಟಾ?"

ಇಲ್ಲಿ ಎಂಟು ಪ್ರಶ್ನೆ. ಬೇಸ್ ಯಾವುದು, ಕಿನೋವಾನಾ, ಬ್ರೌನ್ ರೈಸಾ, ಬರೀ ಸೊಪ್ಪಾ? ಪ್ರೋಟೀನ್ ಏನು? ಟಾಪಿಂಗ್ಸ್ ನಾಲ್ಕು ಫ್ರೀ, ಐದನೆಯದಕ್ಕೆ ದುಡ್ಡು. ಕ್ರಂಚ್ ಬೇಕಾ? ಇಪ್ಪತ್ತೆಂಟು ವರ್ಷ ಹೈಸ್ಕೂಲಿನಲ್ಲಿ ವಿಜ್ಞಾನ ಹೇಳಿಕೊಟ್ಟವನು ನಾನು, "ಸರಿಯಾದ ಉತ್ತರ ಆರಿಸಿ ಬರೆಯಿರಿ" ಅಂತ ಎಷ್ಟು ಪ್ರಶ್ನೆಪತ್ರಿಕೆ ತೆಗೆದಿದ್ದೇನೋ ಲೆಕ್ಕ ಇಲ್ಲ. ಆ ಮಕ್ಕಳ ಶಾಪ ತಟ್ಟಿತು. ಹಿಂದೆ ಸಾಲು ಬೆಳೀತಿದೆ, ನಾನು ಡ್ರೆಸ್ಸಿಂಗ್ ಹತ್ತಿರ ಸಿಕ್ಕಿಬಿದ್ದಿದ್ದೇನೆ. ಆಗ ಕೌಂಟರಿನ ಹುಡುಗ ಸ್ವಲ್ಪ ಬಗ್ಗಿ, ಪಿಸುಗುಟ್ಟಿದ: "ಸರ್, ಹನಿ ಮಸ್ಟರ್ಡ್ ಬೇಡ, ಸಿಹಿ ಜಾಸ್ತಿ ಇರುತ್ತೆ. ನಿಂಬೆಹಣ್ಣು ಹಿಂಡ್ಲಾ?" ಮುಖ ನೋಡಿದೆ. ಎಂಟನೇ ಕ್ಲಾಸಿನಲ್ಲಿ ಪಕ್ಕದವನಿಗೆ ಉತ್ತರ ಹೇಳಿಕೊಟ್ಟ ಅಂತ ನಾನು ಬೆಂಚಿನ ಮೇಲೆ ನಿಲ್ಲಿಸಿದ್ದ ಹುಡುಗ! ಆ ಚಾಳಿ ಇನ್ನೂ ಬಿಟ್ಟಿಲ್ಲ, ದೇವರು ಅವನನ್ನು ಚೆನ್ನಾಗಿಟ್ಟಿರಲಿ.

ಬಟ್ಟಲು ಬಂತು. ನೋಡಲು ಚೆಂದವೇ. ಒಂದು ಮೂಲೆಯಲ್ಲಿ ಕೆಂಪಗೆ ತುರಿದ ಬೀಟ್‌ರೂಟ್, ಇನ್ನೊಂದು ಕಡೆ ಕಾಬೂಲಿ ಕಡಲೆ, ನಡುವೆ ಬೀಸಣಿಗೆ ಹಾಗೆ ಹರಡಿದ ಬೆಣ್ಣೆಹಣ್ಣು (ಅವಕಾಡೊ), ಅಡಿಯಲ್ಲಿ ಕಿನೋವಾ. ತಂಗಿ ಮಗಳು ಫೋಟೋ ತೆಗೆದಳು. ನಾನು ಒಂದು ಕಡಲೆ ಬಾಯಿಗೆ ಹಾಕಿದೆ. ಐಸ್. ಫ್ರಿಜ್ಜಿನಿಂದ ನೇರ ನನ್ನ ಹಲ್ಲಿಗೆ. ಹೊರಗೆ ಮಡಿಕೇರಿಯ ಮಳೆ, ನಾನು ಸ್ವೆಟರ್ ಮೇಲೆ ಜರ್ಕಿನ್ ಹಾಕಿ ಕೂತಿದ್ದೇನೆ, ಎದುರಿಗೆ ತಣ್ಣನೆಯ ಊಟ. ಇದೇ ಬಟ್ಟಲನ್ನು ಒಮ್ಮೆ ಏಪ್ರಿಲ್‌ನಲ್ಲಿ ಬೆಂಗಳೂರಿನಲ್ಲಿ ತಿಂದಾಗ ಇಷ್ಟು ಬೇಜಾರಾಗಿರಲಿಲ್ಲ. ಆ ಬಿಸಿಲಿಗೆ ಸೌತೆಕಾಯಿ ಹಿತವಾಗಿತ್ತು. ಮರದ ಫೋರ್ಕ್ ಐಸ್‌ಕ್ರೀಮ್ ಕಡ್ಡಿ ನೆಕ್ಕಿದ ಹಾಗೆ ಆಗುತ್ತಿತ್ತು ಅನ್ನೋದೊಂದೇ ತಕರಾರು.

ಸೊಪ್ಪಿಗೆ ಕೈ ಹಾಕಿದೆ. ಪ್ರತಿ ಎಲೆಯನ್ನೂ ಮಗುಚಿ ನೋಡಿ ಆಮೇಲೆ ಬಾಯಿಗಿಡುತ್ತಿದ್ದೆ. "ಏನ್ ಹುಡುಕ್ತಿದೀರ ಮಾವ?" "ಜಿಗಣೆ." ಪಕ್ಕದ ಟೇಬಲ್ಲಿನ ಪ್ರವಾಸಿಗರು ಫೋರ್ಕ್ ಕೆಳಗಿಟ್ಟರು. ಏನು ಮಾಡೋದು, ಹುಟ್ಟಿದಾಗಿನಿಂದ ಬಂದ ಅಭ್ಯಾಸ. ನಮ್ಮ ಕಡೆ ಮಳೆಗಾಲದಲ್ಲಿ ಹಸಿ ಸೊಪ್ಪನ್ನು ಯಾರೂ ನಂಬುವುದಿಲ್ಲ. ಕೆಸುವಿನ ಎಲೆಯಲ್ಲಿ ಸೂಜಿಯಂಥ ಆಕ್ಸಲೇಟ್ ಹರಳು ಇರುತ್ತವೆ, ಸರಿಯಾಗಿ ಬೇಯಿಸದಿದ್ದರೆ ಗಂಟಲು ಕೆರೆಯುತ್ತೆ, ಅದಕ್ಕೇ ಹುಣಸೆಹಣ್ಣು. ಕಣಿಲೆಯನ್ನು ನೀರು ಬದಲಾಯಿಸುತ್ತಾ ನೆನೆಹಾಕದೆ ಒಲೆಗೇ ಏರಿಸುವುದಿಲ್ಲ, ಹಸಿಯಲ್ಲಿ ಅದು ವಿಷ. ಸೊಪ್ಪಿನ ಜೊತೆ ಹೀಗೆ ಹೋರಾಡಿಕೊಂಡೇ ಬಂದವರಿಗೆ ಕೇಲ್ ಅನ್ನುವ ಈ ಬಿರುಸು ಎಲೆಯನ್ನು ಹಾಗೇ ಹರಿದು ಹಾಕಿದರೆ ಹೇಗೆ? ಎಷ್ಟು ಅಗಿದರೂ ಅದು ಬಾಯಲ್ಲೇ ಇತ್ತು. ಮಾತಾಡುವ ಆಸೆ ಬಿಟ್ಟೆ.

ಕಿನೋವಾ ಪರವಾಗಿಲ್ಲ. ಕಣ್ಣು ಮುಚ್ಚಿ ತಿಂದರೆ ನವಣೆ. ಆಂಡಿಸ್ ಬೆಟ್ಟದ ಕಾಳು. 2013ನ್ನು ವಿಶ್ವಸಂಸ್ಥೆ ಕಿನೋವಾ ವರ್ಷ ಅಂತ ಮಾಡಿತು. ನಮ್ಮ ಸಿರಿಧಾನ್ಯದ ಸರದಿ ಬಂದದ್ದು 2023ರಲ್ಲಿ. ಹತ್ತು ವರ್ಷ ಲೇಟು, ಸೋಮವಾರಪೇಟೆ ಬಸ್ಸಿನ ಹಾಗೆ.

ಆದರೆ ಬೆಣ್ಣೆಹಣ್ಣಿನ ವಿಷಯಕ್ಕೆ ನನಗೆ ನಿಜವಾಗಿ ಸಿಟ್ಟು ಬಂತು. ಹೋಳಿಗೆ ಫೋರ್ಕ್ ಚುಚ್ಚಿದೆ, ಇಳಿಯಲಿಲ್ಲ. ಹಸಿ ಪಪಾಯಿ ಹಾಗೆ ಕರಕರ. ಕೊಡಗಿನಲ್ಲಿ ಕೂತು ಗಟ್ಟಿ ಬೆಣ್ಣೆಹಣ್ಣು ತಿನ್ನುವ ಗತಿ ಬರಬೇಕಾ? ನಮ್ಮ ಕಾಫಿ ತೋಟಗಳಲ್ಲಿ ಮಳೆಗಾಲ ಪೂರ್ತಿ ಇದರದ್ದೇ ರಾಜ್ಯ. ಚೆಟ್ಟಳ್ಳಿಯ ತೋಟಗಾರಿಕೆ ಪ್ರಯೋಗ ಕೇಂದ್ರದವರು ಇದರಲ್ಲಿ ತಳಿಯನ್ನೇ ಮಾಡಿದ್ದಾರೆ, ಹೆಸರು ಅರ್ಕಾ ಕೂರ್ಗ್ ರವಿ. ಅರ್ಕ ಅಂದರೂ ಸೂರ್ಯ, ರವಿ ಅಂದರೂ ಸೂರ್ಯ. ಮೂರು ತಿಂಗಳು ಬಿಸಿಲೇ ಕಾಣದ ಊರಲ್ಲಿ ಒಂದೇ ಹಣ್ಣಿಗೆ ಇಬ್ಬರು ಸೂರ್ಯರು! ಈ ಹಣ್ಣಿನ ಗುಟ್ಟು ಇಷ್ಟೇ: ಮರದಲ್ಲಿರುವಷ್ಟು ದಿನ ಮೆತ್ತಗಾಗುವುದಿಲ್ಲ, ಕಿತ್ತು ತಂದು ಕಾಯಬೇಕು. ಫಾಸ್ಟ್ ಅಂತ ಹೆಸರಿಟ್ಟುಕೊಂಡವರಿಗೆ ಕಾಯುವ ಪುರುಸೊತ್ತು ಎಲ್ಲಿಂದ ಬರಬೇಕು.

ಕುಡಿಯಲು ನೇರಳೆ ಬಣ್ಣದ ಏನೋ ಒಂದು ಕೊಟ್ಟರು. ಡಿಟಾಕ್ಸ್ ಅಂತೆ. ಹಾಗಾದರೆ ನಮ್ಮ ಮದ್ದು ಸೊಪ್ಪಿನ ಪಾಯಸ ಏನು? ಆಗಸ್ಟ್ ಮೊದಲ ವಾರದಲ್ಲಿ ಆಟಿ 18 ಬರುತ್ತಲ್ಲ, ಕೊಡವರು ಕಕ್ಕಡ ಪದಿನೆಟ್ಟ್ ಅನ್ನುತ್ತಾರೆ, ಆ ದಿನ ಈ ಸೊಪ್ಪಿಗೆ ಹದಿನೆಂಟು ಮದ್ದಿನ ಗುಣ ಸೇರುತ್ತೆ ಅಂತ ನಂಬಿಕೆ. ಕುದಿಸಿದ ನೀರು ಗಾಢ ನೇರಳೆ, ಅದರಲ್ಲೇ ಪಾಯಸ. ಹದಿನೆಂಟನ್ನು ಯಾರು ಎಣಿಸಿದರೋ ವಿಜ್ಞಾನದ ಮೇಷ್ಟ್ರಾಗಿ ನಾನು ಹೇಳಲಾರೆ. ಆದರೆ ತಿಂದ ಮೇಲೆ ಉಚ್ಚೆ ಕೆಂಪಗೆ ಬರುತ್ತೆ, ರಸೀದಿ ಕೊಟ್ಟ ಹಾಗೆ. ಈ ಡಿಟಾಕ್ಸ್ ಮಾತ್ರ ಮಾರನೇ ದಿನ ಯಾವ ಸುಳಿವನ್ನೂ ಕೊಡಲಿಲ್ಲ.

ಒಂದು ಬಟ್ಟಲಿಗೆ 389 ರೂಪಾಯಿ, ಜಿಎಸ್‌ಟಿ ಸೇರಿ 408. ಬಿಲ್ ಅವಳೇ ಕೊಟ್ಟಳು, ಹಾಗಾಗಿ ಬೆಲೆ ಬಗ್ಗೆ ನಾನೇನೂ ಅನ್ನುವುದಿಲ್ಲ.

ಹೊರಗೆ ಬರುವಾಗ ಮನೆಯಿಂದ ಫೋನ್. "ಊಟ ಆಯ್ತಾ?" ದಿನಕ್ಕೆ ನಾಲ್ಕು ಜನ ಕೇಳುವ ಮಾತು, ಯೋಚಿಸದೆ ಆಯ್ತು ಅನ್ನುತ್ತೇವೆ. ಅವತ್ತು ಬಾಯಿಗೆ ಬರಲಿಲ್ಲ. "ತಿಂದ್ವಿ" ಅಂದೆ.

"ಏನು ತಿಂದ್ರಿ?"

"ಸೊಪ್ಪು."

"ಸೊಪ್ಪಿನ ಜೊತೆಗೆ?"

"ಬೇರೆ ಸೊಪ್ಪು."

ಆ ಕಡೆ ಸ್ವಲ್ಪ ಹೊತ್ತು ಮಾತಿಲ್ಲ. "ಸರಿ, ಹುಷಾರಾಗಿ ಬನ್ನಿ" ಅಂತ ಇಟ್ಟಳು.

ಮನೆ ಮುಟ್ಟುವಾಗ ಮೂರು ಗಂಟೆ. ತಂಗಿ ಮಗಳು ಸೀದಾ ಅಡುಗೆಮನೆಗೆ ಹೋದಳು. ನಾನು ಅಕ್ಕಿ ಡ್ರಮ್ಮಿಗೆ ಕೈ ಹಾಕಿ, ವಾರದ ಹಿಂದೆ ಹೂತಿಟ್ಟಿದ್ದ ಬೆಣ್ಣೆಹಣ್ಣನ್ನು ಹೆಬ್ಬೆರಳಲ್ಲಿ ಒತ್ತಿ ನೋಡಿದೆ. ಬಂದಿತ್ತು. ಸೀಳಿ, ಉಪ್ಪು ಉದುರಿಸಿ, ಮನೆಯದೇ ಮೆಣಸು ಕುಟ್ಟಿ ಹಾಕಿದೆ. ಅಷ್ಟರಲ್ಲಿ ಅವಳ ಫೋನ್ ಹೊಡೆದುಕೊಂಡಿತು. ನನ್ನ ತಂಗಿ. ಸ್ಪೀಕರ್ ಹಾಕಿದ್ದಳು, ಅದೇ ಪ್ರಶ್ನೆ ಅಡುಗೆಮನೆಯೆಲ್ಲ ಕೇಳಿಸಿತು.

"ಈಗ ಕೂತೆ ಅಮ್ಮ" ಅಂದಳು ಹುಡುಗಿ, ಮೂರನೇ ಕಡುಬಿಗೆ ತಟ್ಟೆ ಒಡ್ಡುತ್ತಾ. "ಅತ್ತೆ ಬಡಿಸ್ತಿದಾರೆ."