ಹಣ್ಣಾಗದ ಕಾಯಿ

ಹುಣಸೆ ಬೀಜವನ್ನು ಕಲ್ಲಿಗೆ ತಿಕ್ಕಿದರೆ ಮೊದಲು ಬಿಸಿಯಾಗುತ್ತದೆ, ಆಮೇಲೆ ಕಂದು ಸಿಪ್ಪೆ ಸವೆದು ಬಿಳುಪು ಕಾಣುತ್ತದೆ. (ಬಿಸಿ ಇರುವಾಗಲೇ ಪಕ್ಕದವರ ತೋಳಿಗೆ ಒತ್ತಿ ಓಡುವುದು ಬೇರೆಯೇ ಆಟ.) ಹಾಗೆ ಒಂದೇ ಮಗ್ಗುಲು ತಿಕ್ಕಿದ ನಾಲ್ಕು ಬೀಜ, ಸೀಮೆಸುಣ್ಣದಲ್ಲಿ ಗೀಚಿದ 25 ಮನೆ, ಕಾಯಿಗೆ ಬಳೆಚೂರು ಇದ್ದರೆ ಚೌಕಾಬಾರಕ್ಕೆ ಸಾಕು. ಚಿತ್ರದುರ್ಗದ ನಮ್ಮ ಮನೆಯ ಪಡಸಾಲೆಯಲ್ಲಿ ಬೇಸಿಗೆ ರಜೆಯಿಡೀ ಇದೇ ಕಾಳಗ. ಒಂದು ಕಡೆ ನಮ್ಮವ್ವ, 74 ವರ್ಷ. ಇನ್ನೊಂದು ಕಡೆ ನನ್ನ ಮಗಳು, 6 ವರ್ಷ.

ಮಗಳ ಜೊತೆ ಆಡುವಾಗ ನಾನು ಬೇಕಂತಲೇ ಸೋಲುತ್ತೇನೆ. ಊಟದ ಹೊತ್ತಿಗೆ ರಂಪ ಯಾರಿಗೆ ಬೇಕು? ಅವ್ವನಿಗೆ ಅಂಥ ದಾಕ್ಷಿಣ್ಯವಿಲ್ಲ. ಆಟಕ್ಕೂ ಇಲ್ಲ ಅನ್ನಿ. ಎದುರಿನವರ ಒಂದು ಕಾಯಿಯನ್ನಾದರೂ ಕಡಿಯದೆ ಒಳಸುತ್ತಿಗೆ ಹೋಗುವ ಹಾಗಿಲ್ಲ. ಯಾರ ಮನಸ್ಸೂ ನೋಯಿಸದೆ ಗೆಲ್ಲುತ್ತೇನೆ ಅನ್ನುವವರು ಹೊರಸುತ್ತಿನಲ್ಲೇ ಗಾಣದೆತ್ತಿನ ಹಾಗೆ ತಿರುಗುತ್ತಿರಬೇಕು.

ಅವತ್ತು ಮಗಳ ಮೂರು ಕಾಯಿ ನಡುಮನೆ ಸೇರಿ ಹಣ್ಣಾಗಿದ್ದವು. ನಾಲ್ಕನೆಯದಕ್ಕೆ ಇನ್ನು ಎರಡೇ ಹೆಜ್ಜೆ. ಅವ್ವ ಬೀಜ ಹಾಕಿದಳು. ನಾಲ್ಕೂ ಕಪ್ಪು, ಎಂಟು. ಎಂಟು ಬಿದ್ದರೆ ಇನ್ನೊಮ್ಮೆ ಹಾಕಬೇಕಲ್ಲ, ಹಾಕಿದಳು, ಎರಡು. ಬೆರಳಲ್ಲಿ ಮನೆ ಎಣಿಸಿ, ಮೊಮ್ಮಗಳ ಹಸಿರು ಬಳೆಚೂರನ್ನು ಎತ್ತಿ ಹೊರಗಿಟ್ಟಳು.

ಮಗಳು ಬೀಜಗಳನ್ನು ಕಾಲಲ್ಲಿ ಒದ್ದಳು. ಒಂದು ಮಂಚದಡಿ ಉರುಳಿತು.

"ಹೋಗ್ಲಿ ಬಿಡವ್ವ, ಮಗು ಅದು" ಅಂದೆ.

"ಮಗು ಆದ್ರೇನು, ಕಾಯಿ ಕಾಯೇ ಅಲ್ವೇನೋ? ಬೀಜ ಹುಡುಕ್ಕೊಂಡ್ ಬಾರವ್ವ, ಈಗ ನಿಂದೇ ಆಟ."

ಅಳುತ್ತಲೇ ಮಂಚದಡಿ ತೆವಳಿದವಳು ತಲೆಗೆಲ್ಲ ಜೇಡರ ಬಲೆ ಮೆತ್ತಿಕೊಂಡು ಬಂದಳು. ಅಳುವುದಕ್ಕೆ ಇಟ್ಟುಕೊಂಡಿದ್ದ ಉಸಿರೆಲ್ಲ ಬೀಜದ ಧೂಳು ಊದುವುದರಲ್ಲಿ ಖರ್ಚಾಗಿತ್ತು. ಕೂತಳು, ಬೀಜ ಹಾಕಿದಳು, ಒಂದು ಬಿತ್ತು.

ಸೋತು ಕೊಡುವ ನನ್ನ ಔದಾರ್ಯ ಅವಳಿಗೆ ಎಂದೋ ಗೊತ್ತಾಗಿದೆ. "ಅಪ್ಪಂಗೆ ಆಡಕ್ಕೆ ಬರಲ್ಲ" ಎಂದು ನನ್ನನ್ನು ಕರೆಯುವುದನ್ನೇ ಬಿಟ್ಟಿದ್ದಾಳೆ.

ಸೋಲಿನ ಪಾಠ ಹೇಳುವ ಯೋಗ್ಯತೆಯಾದರೂ ನನಗೆಲ್ಲಿದೆ? 2023ರ ನವೆಂಬರ್ 19ರಂದು ವಿಶ್ವಕಪ್ ಫೈನಲ್‌ನಲ್ಲಿ ಆಸ್ಟ್ರೇಲಿಯಾ ಗೆದ್ದಾಗ, ಟಿವಿ ಆರಿಸಿ, ತಟ್ಟೆಯಲ್ಲಿದ್ದ ಮುದ್ದೆ ಹಾಗೇ ಬಿಟ್ಟು ಮುಸುಕೆಳೆದು ಮಲಗಿದವನು ನಾನು. ಕೋಟೆ ಹತ್ತಿಸಿದ ದಿನವೂ ಇದೇ ಫಜೀತಿ. ಮದಕರಿ ನಾಯಕರ ಕಥೆ, ಓಬವ್ವನ ಒನಕೆ, ಎಲ್ಲ ರಂಗೇರಿಸಿ ಹೇಳುತ್ತಿದ್ದೆ. "ಕೊನೆಗೆ ಯಾರು ಗೆದ್ರು?" ಅಂದಳು. 1779ರಲ್ಲಿ ಕೋಟೆ ಹೈದರಾಲಿಯ ಪಾಲಾಯಿತು ಅಂದೆ. "ಮತ್ತೆ ನಾವು ಯಾಕೆ ನಾಯಕರ ಕಥೆ ಹೇಳ್ತೀವಿ?" ಕೈಗೆ ಕಡಲೆಕಾಯಿ ಪೊಟ್ಟಣ ಕೊಟ್ಟು ಮುಂದಿನ ಬಾಗಿಲು ತೋರಿಸಿದೆ.

ರಜೆಯ ಕೊನೆಯ ವಾರ ಮಗಳು ಗೆದ್ದಳು, ಯಾರ ದಯವೂ ಇಲ್ಲದೆ. ಅವ್ವನ ಎರಡು ಕಾಯಿ ಇನ್ನೂ ಹೊರಸುತ್ತಿನಲ್ಲೇ ಇದ್ದವು. ಮಗಳು ಕುಣಿಯುತ್ತಿದ್ದರೆ ಅವ್ವ ಬೀಜಗಳನ್ನು ಒಂದೊಂದಾಗಿ ಕಣ್ಣ ಹತ್ತಿರ ಹಿಡಿದು ನೋಡಿದಳು.

"ಈ ಬೀಜ ಸರಿ ಇಲ್ಲ, ಜಾಸ್ತಿ ಸವೆದೈತೆ."

ರಾತ್ರಿ ಊಟಕ್ಕೆ ಕರೆಯಲು ಹೋದೆ. ಹಿತ್ತಲ ಕಲ್ಲಿನ ಮೇಲೆ ಅವ್ವ ಹೊಸ ಬೀಜ ತಿಕ್ಕುತ್ತಿದ್ದಳು.