ಹೂಡಿಕೆದಾರರು ಹೆದರುವುದು ಅನಿಶ್ಚಿತತೆಗೆ

ರಾಷ್ಟ್ರೀಯ ಭದ್ರತೆಯ ದೃಷ್ಟಿಯಿಂದ ವಿದೇಶಿ ಹೂಡಿಕೆಯನ್ನು ಸರ್ಕಾರ ಪರಿಶೀಲಿಸತೊಡಗಿದರೆ ಬಂಡವಾಳವೇ ಬರುವುದಿಲ್ಲ ಎಂದು ಲೇಖನವೊಂದರಲ್ಲಿ ಓದಿದೆ; ಆ ವಾದವನ್ನು ನಾನು ಒಪ್ಪಲಾರೆ. ಬ್ರಿಟನ್ನಿನಲ್ಲಿ 2022ರ ಜನವರಿಯಲ್ಲಿ ಜಾರಿಗೆ ಬಂದ ಕಾನೂನು 17 ಸೂಕ್ಷ್ಮ ಕ್ಷೇತ್ರಗಳನ್ನು ಹೆಸರಿಸಿದೆ. ಆ ಕ್ಷೇತ್ರಗಳ ಕಂಪನಿಗಳಲ್ಲಿ ನಿಗದಿತ ಪ್ರಮಾಣ ಮೀರಿದ ಪಾಲು ಕೊಳ್ಳಲು ಮೊದಲೇ ಅನುಮತಿ ಬೇಕು, ಇಲ್ಲದಿದ್ದರೆ ವ್ಯವಹಾರವೇ ಅಸಿಂಧು. ಆದರೆ ಮೊದಲ ಹಂತದ ತೀರ್ಮಾನಕ್ಕೆ 30 ಕೆಲಸದ ದಿನಗಳ ಗಡುವೂ ಇದೆ. ಕಠಿಣ ನಿಜ, ಆದರೂ ಕೊಳ್ಳುವವರಿಗೆ ದಾರಿ ಸ್ಪಷ್ಟವಾಗಿದೆ.

ನನಗೆ ಆತಂಕ ಹುಟ್ಟಿಸುವುದು ಅಮೆರಿಕದ ರೀತಿ. ನಿಪ್ಪಾನ್ ಸ್ಟೀಲ್ ಕಂಪನಿಯು ಯು.ಎಸ್. ಸ್ಟೀಲ್ ಅನ್ನು ಕೊಳ್ಳುವುದನ್ನು ಬೈಡನ್ 2025ರ ಜನವರಿಯಲ್ಲಿ ರಾಷ್ಟ್ರೀಯ ಭದ್ರತೆಯ ಹೆಸರಿನಲ್ಲಿ ತಡೆದರು. ಅದೇ ವರ್ಷದ ಜೂನ್‌ನಲ್ಲಿ ಟ್ರಂಪ್, ಸರ್ಕಾರಕ್ಕೆ ವಿಶೇಷ ಅಧಿಕಾರ ಕೊಡುವ 'ಗೋಲ್ಡನ್ ಶೇರ್' ಪಡೆದು, ಒಪ್ಪಿಗೆ ಕೊಟ್ಟರು. ಕೊಳ್ಳುವವರು ಮಿತ್ರರಾಷ್ಟ್ರ ಜಪಾನಿನವರು! ಭದ್ರತೆ ಎಲ್ಲಿ ಮುಗಿಯಿತು, ಚುನಾವಣಾ ರಾಜಕೀಯ ಎಲ್ಲಿ ಶುರುವಾಯಿತು ಎಂದು ಹೊರಗಿನವರಿಗೆ ತಿಳಿಯುವುದಾದರೂ ಹೇಗೆ?

ಹಾಗೆಂದು ಪರಿಶೀಲನೆಯೇ ಬೇಡವೆನ್ನಲಾಗದು. ಗ್ರೈಂಡರ್ ಎಂಬ ಡೇಟಿಂಗ್ ಆ್ಯಪ್ ಚೀನಾ ಮೂಲದ ಕಂಪನಿಯ ಕೈಸೇರಿದಾಗ ಬಳಕೆದಾರರ ತೀರಾ ಖಾಸಗಿ ಮಾಹಿತಿಯೂ ಅದರ ವಶವಾಗಿತ್ತು. ಅದನ್ನು ಮಾರುವಂತೆ ಅಮೆರಿಕ ಪಟ್ಟು ಹಿಡಿದದ್ದು ಸರಿಯೇ.

ಲೇಖಕರು ಅಮೆರಿಕದಲ್ಲಿದ್ದ, ಚೀನೀಯರ ಒಡೆತನದ ರಾಲ್ಸ್ ಕಂಪನಿಯ ಪ್ರಕರಣವನ್ನು ಬಿಟ್ಟಿದ್ದು ಬೇಸರ ತಂದಿತು. ನೌಕಾಪಡೆಯ ತಾಣದ ಬಳಿಯ ಪವನ ವಿದ್ಯುತ್ ಯೋಜನೆಗಳನ್ನು ಕೈಬಿಡುವಂತೆ 2012ರಲ್ಲಿ ಒಬಾಮ ಈ ಕಂಪನಿಗೆ ಆದೇಶಿಸಿದ್ದರು. ಗೋಪ್ಯವಲ್ಲದ ಸಾಕ್ಷ್ಯವನ್ನು ನೋಡಿ ಉತ್ತರಿಸುವ ಹಕ್ಕು ಕಂಪನಿಗಿದೆ ಎಂದು 2014ರಲ್ಲಿ ಮೇಲ್ಮನವಿ ನ್ಯಾಯಾಲಯ ತೀರ್ಪಿತ್ತಿತು. ಪರಿಶೀಲನೆ ನಡೆಸುವ ಪ್ರತಿಯೊಂದು ದೇಶದ ಕಾನೂನಿನಲ್ಲೂ ಈ ಹಕ್ಕು ಇರಲೇಬೇಕು.